ದುರ್ಯೋಧನನದು ಎಷ್ಟನೇ ಮನೆ?

ಪೀಣ್ಯದ ಪಕ್ಕದ ಒಂದು ಹಳ್ಳಿ. ಹಳ್ಳಿ ಅಂದರೆ ಈಗ ಹೆಸರಿಗಷ್ಟೇ. ಮಾರಮ್ಮನ ಗುಡಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಶೆಡ್ಡು, ಗೋಡೌನು, ಬಾಡಿಗೆ ವಠಾರ. ಗುಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ರಾತ್ರಿ ಎಂಟೂವರೆಗೆ ನಾಟಕದ ಪ್ರಾಕ್ಟೀಸು. ಫಸ್ಟ್ ಶಿಫ್ಟು, ಜನರಲ್ ಶಿಫ್ಟಿನವರು ಬಂದು ಕೂತಿದ್ದಾರೆ. ಕರ್ಣನದು ಸೆಕೆಂಡ್ ಶಿಫ್ಟು, ಅವನು ಬರುವಾಗ ಹತ್ತೂವರೆ. ಹಾರ್ಮೋನಿಯಂ ಮೇಷ್ಟ್ರು ಹೊಸದಾಗಿ ಸೇರಿದ ಒಬ್ಬರ ಕಡೆ ನೋಡಿ ಕೇಳಿದರು: "ಏನಪ್ಪಾ ದುರ್ಯೋಧನ, ನಿಂದು ಎಷ್ಟನೇ ಮನೆ?"

"ಥರ್ಡ್ ಕ್ರಾಸಲ್ಲಿ ಹನ್ನೊಂದನೇ ಮನೆ ಮೇಷ್ಟ್ರೇ, ಮೇಲ್ಗಡೆ ಪೋರ್ಷನ್ನು."

ಭೀಮ ಹೊಟ್ಟೆ ಹಿಡಿದುಕೊಂಡು ನಕ್ಕ. ಶಕುನಿ ಟೀ ಲೋಟ ಕೆಳಗಿಟ್ಟ. ಮೇಷ್ಟ್ರು ಮಾತ್ರ ನಗಲಿಲ್ಲ. ಇಂಥ ಉತ್ತರ ಅವರಿಗೆ ವರ್ಷಕ್ಕೊಮ್ಮೆಯಾದರೂ ಸಿಗುತ್ತದಂತೆ. ಪೆಟ್ಟಿಗೆಯ ಒಂದು ಬಿಳಿ ಕೀಲಿ ಒತ್ತಿ ಹಿಡಿದು, "ಇಲ್ಲಿಂದ ಆ ಅನ್ನು" ಎಂದರು.

ಅವರು ಕೇಳಿದ್ದು ಶ್ರುತಿಯ ಮನೆ. ಹಾರ್ಮೋನಿಯಮ್ಮಿನ ಬಿಳಿ ಕೀಲಿಗಳನ್ನು ಒಂದರಿಂದ ಏಳರವರೆಗೆ ಎಣಿಸುವುದು, ನಡುವಿನ ಕಪ್ಪು ಕೀಲಿಗಳನ್ನು ಅರ್ಧ ಎನ್ನುವುದು. ಒಂದು, ಒಂದೂವರೆ, ಎರಡು, ಎರಡೂವರೆ, ಮೂರು; ಆಮೇಲೆ ನೇರವಾಗಿ ನಾಲ್ಕು. ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಕೀಲಿ ಇಲ್ಲದ್ದರಿಂದ ಮೂರೂವರೆ ಮನೆ ಎಂಬುದು ಯಾವ ಪೆಟ್ಟಿಗೆಯಲ್ಲೂ ಇಲ್ಲ. ಸಾಮಾನ್ಯ ಗಂಡಸಿನ ಗಂಟಲು ಒಂದರಿಂದ ಎರಡನೇ ಮನೆಯ ಆಸುಪಾಸಿನಲ್ಲಿ ಷಡ್ಜ ಹಿಡಿದರೆ, ಹೆಂಗಸರದು ಐದು, ಐದೂವರೆ, ಆರು. ತನ್ನ ಮನೆ ಯಾವುದೆಂದು ಗೊತ್ತಿಲ್ಲದವನಿಗೆ ಪದ್ಯ ಬಾಯಿಪಾಠವಿದ್ದರೂ ಉಪಯೋಗವಿಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ಗಂಟಲು ಬಿರಿಯುತ್ತದೆ, ಇಲ್ಲವೇ ಕೆಳಗಿನ ಪಂಚಮದಲ್ಲಿ ಬಾಯಿ ಮಾತ್ರ ಆಡಿ ದನಿ ಹೊರಡುವುದಿಲ್ಲ.

ಯುರೋಪಿನಲ್ಲಿ ಹಳೆಯ ಒಪೆರಾಗಳನ್ನು ಆಡಿಸುವವರು ಆಯಾ ಕಾಲದ ಕೀಲಿಮಣೆ ವಾದ್ಯಗಳನ್ನೇ ತರಿಸಿ, ಆಟಕ್ಕೆ ಮುಂಚೆ ಅವಕ್ಕೆ ಶ್ರುತಿ ಕೂಡಿಸಲೆಂದೇ ಒಬ್ಬ ಕಸುಬುದಾರನನ್ನು ನೇಮಿಸುತ್ತಾರೆ. ಇಡೀ ಕಥೆಯನ್ನು ಹಾಡಿ ಹೇಳುವ ನಾಟಕ, ಅದರ ಬೆನ್ನಿಗೆ ನಿಂತ ಹಳೆಯ ಕೀಲಿಮಣೆ, ಅದನ್ನು ಆಟಕ್ಕೆ ಸಜ್ಜುಗೊಳಿಸುವ ಕೈ: ಈ ಮೂರನ್ನೂ ಒಟ್ಟಿಗೆ ನೋಡಬೇಕಾದರೆ ನಮಗೆ ವಿಯೆನ್ನಾಕ್ಕೆ ಟಿಕೆಟ್ ಬೇಕಿಲ್ಲ. ಜನವರಿಯಿಂದ ಮೇ ತನಕ ಯಾವುದಾದರೂ ಶನಿವಾರ ರಾತ್ರಿ ದಾಸರಹಳ್ಳಿ, ನೆಲಮಂಗಲ, ಹೊಸಕೋಟೆ, ಸರ್ಜಾಪುರ, ಆನೇಕಲ್ ಕಡೆ ಒಂದು ಸುತ್ತು ಹಾಕಿದರೆ ಸಾಕು. ಎಲ್ಲೋ ಒಂದು ಕಡೆ ಬಣ್ಣದ ಸೀನು ಇಳಿಬಿಟ್ಟಿರುತ್ತಾರೆ, ಮೈಕಿನಲ್ಲಿ ಒಬ್ಬ ದುರ್ಯೋಧನ ಅಬ್ಬರಿಸುತ್ತಿರುತ್ತಾನೆ. ನಾಟಕ ಬಹುಪಾಲು 'ಕುರುಕ್ಷೇತ್ರ'. ರಾತ್ರಿ ಒಂಬತ್ತಕ್ಕೆ ನಾಂದಿ ಹಾಡಿದರೆ ಗದಾಯುದ್ಧ ಮುಗಿಯುವಾಗ ಮೂಡಲು ಬೆಳ್ಳಗಾಗಿರುತ್ತದೆ.

ಈ ಪ್ರದೇಶವನ್ನು ನಾವು ಗಾಜಿನ ಕಟ್ಟಡಗಳ ಮೂಲಕವೇ ನೋಡಿ ರೂಢಿ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ನೆಲದ ಮೇಲೆ. ಊರುಗಳು ಎದ್ದು ಹೋಗಲಿಲ್ಲ, ಅವುಗಳ ಸುತ್ತ ಕಂಪನಿಗಳು ಬಂದು ನಿಂತವು. ಕ್ಯಾಬ್ ಓಡಿಸುವವರು, ಕ್ಯಾಂಟೀನಿನಲ್ಲಿ ದುಡಿಯುವವರು, ಹೊಲ ಮಾರಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು ಜಾತ್ರೆಯ ರಾತ್ರಿ ಕಿರೀಟ ಕಟ್ಟಿಕೊಳ್ಳುತ್ತಾರೆ. ಪೀಣ್ಯದ್ದು ಇನ್ನೊಂದು ಬಗೆ. ಅಲ್ಲಿಯ ಲೇತು, ಪ್ರೆಸ್ಸುಗಳ ಮುಂದೆ ನಿಂತವರಲ್ಲಿ ಬಹಳ ಮಂದಿ ಕುಣಿಗಲ್, ಮಾಗಡಿ, ತುಮಕೂರು ಕಡೆಯಿಂದ ಬಂದವರು. ಬರುವಾಗ ಬುತ್ತಿಯ ಜೊತೆ ನಾಟಕದ ಹುಚ್ಚನ್ನೂ ಕಟ್ಟಿಕೊಂಡು ಬಂದರು. ಅವರು ಬಂದ ರಸ್ತೆಯನ್ನೇ ಹಿಡಿದು ವಾಪಸು ಹೋದರೆ ತುಮಕೂರು ದಾಟಿದ ಮೇಲೆ ಗುಬ್ಬಿ. 1884ರಲ್ಲಿ ಅಲ್ಲಿ ಕಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೇ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿ. ರಂಗದ ಮೇಲೆ ನಿಜವಾದ ಆನೆ ಕುದುರೆ ತಂದು 'ಕುರುಕ್ಷೇತ್ರ' ಆಡಿದ ಕಂಪನಿ ಅದು. ಕಂಪನಿಗಳ ಕಾಲ ಮುಗಿಯಿತು. ಅವುಗಳ ಮಟ್ಟುಗಳು, ಕಂದಪದ್ಯ ಎಳೆಯುವ ರೀತಿ, ಕಾಲಲ್ಲಿ ತುಳಿಯುವ ಪೆಟ್ಟಿಗೆ ಈ ಹವ್ಯಾಸಿಗಳ ಪಾಲಿಗೆ ಉಳಿದವು. ಆ ಮಟ್ಟುಗಳನ್ನು ಕಾಲುಪೆಟ್ಟಿಗೆಯ ಜೊತೆಗೇ ಮುಂದಿನವರಿಗೆ ದಾಟಿಸಿದ ಮೈಸೂರಿನ ಆರ್. ಪರಮಶಿವನ್ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ.

ಹವ್ಯಾಸಿ ನಾಟಕದ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ದುರ್ಯೋಧನ, ಕೃಷ್ಣರಿಗೆ ಹೆಚ್ಚು, ವಿದುರನಿಗೆ ಕಡಿಮೆ. ದುಡ್ಡು ಹೊಂದಿಸುವುದು ಕಷ್ಟವಾದಾಗ ಅಥವಾ ಆಸೆ ಪಡುವವರು ಹೆಚ್ಚಾದಾಗ ಒಂದೇ ಪಾತ್ರವನ್ನು ಹಂಚುತ್ತಾರೆ. ಹೀಗೆ ಒಂದೇ ರಾತ್ರಿಯಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ. ಪ್ರೇಕ್ಷಕರಿಗೆ ಇದರಿಂದ ಏನೂ ತೊಂದರೆಯಿಲ್ಲ, ದಶಾವತಾರ ಕಂಡವರಿಗೆ ಮೂರು ಕೃಷ್ಣರು ಯಾವ ಲೆಕ್ಕ? ತೊಂದರೆ ಇರುವುದು ಪೆಟ್ಟಿಗೆಯ ಮುಂದೆ ಕೂತವರಿಗೆ. ಮೊದಲ ಕೃಷ್ಣ ಒಂದೂವರೆ, ಎರಡನೆಯವನು ಎರಡೂವರೆ, ಮೂರನೆಯವನು ನೆಗಡಿಯಾಗಿ ಒಂದಕ್ಕೆ ಇಳಿದಿದ್ದಾನೆ. ಇವರೆದುರು ಸೀರೆಯುಟ್ಟು ಬರುವ ದ್ರೌಪದಿ ಈ ಊರಿನವಳಲ್ಲ, ಬಾಡಿಗೆಗೆ ಬಂದ ವೃತ್ತಿ ಕಲಾವಿದೆ. ಆಕೆ ಪ್ರಾಕ್ಟೀಸಿಗೆ ಬರುವುದೇ ಕೊನೆಯ ಒಂದೆರಡು ದಿನ. "ನಂದು ಐದೂವರೆ ಮೇಷ್ಟ್ರೇ" ಎಂದು ಒಂದು ಮಾತು ಹೇಳಿ ಹೋಗುತ್ತಾಳೆ, ಅಷ್ಟೇ ಪ್ರಾಕ್ಟೀಸು. ಮನುಷ್ಯರ ಗಂಟಲು ಹೀಗೆ ದಿನಕ್ಕೊಂದು ಕಡೆ ಸರಿದಾಡುತ್ತದೆ. ಪೆಟ್ಟಿಗೆಯೊಳಗಿನ ಹಿತ್ತಾಳೆ ಸರಿದಾಡುವುದಿಲ್ಲ. ಇವೆರಡರ ನಡುವೆ ರಾಜಿ ಮಾಡಿಸುವುದೇ ಮೇಷ್ಟ್ರ ಉದ್ಯೋಗ.

ಆ ಹಿತ್ತಾಳೆಯ ಕಥೆ ಸ್ವಲ್ಪ ಕೇಳಬೇಕು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೇನ್ 1840ರ ದಶಕದ ಆರಂಭದಲ್ಲಿ ರೂಪಿಸಿದ ವಾದ್ಯ. ನಮ್ಮ ದೇಶಕ್ಕೆ ಪಾದ್ರಿಗಳ, ಅಧಿಕಾರಿಗಳ ಸಾಮಾನಿನ ಜೊತೆ ಹಡಗಿನಲ್ಲಿ ಬಂತು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದರಲ್ಲಿ ನುಡಿಸುವ ಕೈಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ್ ಘೋಷ್ 1875ರಲ್ಲಿ ಮಾಡಿದರು. ಭಜನೆ ಮನೆಗಳಿಗೆ ಕೈಪೆಟ್ಟಿಗೆ ಹೊಕ್ಕಿತು, ನಾಟಕದವರು ಕಾಲುಪೆಟ್ಟಿಗೆಯನ್ನು ಬಿಡಲಿಲ್ಲ. ಕಾರಣ ಸರಳ. ಎರಡು ಕಾಲೂ ಗಾಳಿ ತುಳಿಯುತ್ತಿದ್ದರೆ ಎರಡು ಕೈಗಳೂ ಕೀಲಿಗಳ ಮೇಲಿರುತ್ತವೆ. ಬಲಗೈ ನಟನ ದನಿಯ ಹಿಂದೆ ಓಡುವಾಗ ಎಡಗೈ ಷಡ್ಜ ಪಂಚಮ ಒತ್ತಿ ನಿಂತಿರಬಹುದು. ಮೈಕಿಲ್ಲದ ಕಾಲದಲ್ಲಿ ಸಾವಿರ ಜನರ ಡೇರೆಯ ಕೊನೆಯ ಸಾಲಿಗೆ ಕೇಳಿಸುವಷ್ಟು ದನಿ. ಆಟ ಮುಗಿದರೆ ಕಾಲು ಮಡಿಚಿ ದೊಡ್ಡ ಟ್ರಂಕಿನ ಹಾಗೆ ಎತ್ತಿಕೊಂಡು ಮುಂದಿನ ಕ್ಯಾಂಪಿಗೆ ಹೊರಡಬಹುದು.

ಒಳಗಿರುವುದು ಸಾಲು ಸಾಲು ರೀಡುಗಳು. ಒಂದು ಹಿತ್ತಾಳೆ ಪಟ್ಟಿಯಲ್ಲಿ ಸಣ್ಣ ಕಿಂಡಿ, ಅದರ ಮೇಲೆ ಒಂದು ತುದಿಗೆ ಮಾತ್ರ ರಿವೆಟ್ ಹೊಡೆದ ತೆಳು ನಾಲಿಗೆ. ಕೀಲಿ ಒತ್ತಿದಾಗ ಬಾಯಿ ತೆರೆಯುತ್ತದೆ, ತಿದಿಯ ಗಾಳಿ ನಾಲಿಗೆಯನ್ನು ಕಿಂಡಿಯೊಳಗೆ ಹೊರಗೆ ತೂಗಿಸುತ್ತದೆ, ಅದೇ ಸ್ವರ. ಕೆಳಗಿನ ಸ್ಥಾಯಿಯ ಸಾಲಿಗೆ ಬೇಸ್, ಅದರ ಮೇಲಿನದಕ್ಕೆ ಮೇಲ್ ಎಂದು ಅಂಗಡಿಯವರ ಭಾಷೆ. 39 ಕೀಲಿಯ ಎರಡು ಸಾಲಿನ ಪೆಟ್ಟಿಗೆಯಲ್ಲಿ 78 ನಾಲಿಗೆ, 42 ಕೀಲಿಯ ಮೂರು ಸಾಲಿನದಾದರೆ 126. ಗುಜರಾತಿನ ಪಾಲಿಟಾಣಾದ ರೀಡು ಎಂದರೆ ಇವತ್ತಿಗೂ ಅಂಗಡಿಯವರು ದನಿ ತಗ್ಗಿಸಿ ಬೆಲೆ ಹೇಳುತ್ತಾರೆ.

ಆಟಕ್ಕೆ ತಿಂಗಳಿರುವಾಗ ಪೆಟ್ಟಿಗೆ ಬಿಚ್ಚುವ ಕೆಲಸ ಶುರು. ಮೊದಲ ಪರೀಕ್ಷೆ ಗಾಳಿಯದು. ತಿದಿ ತುಂಬ ತುಳಿದು, ಒಂದು ಕೀಲಿಯನ್ನೂ ಮುಟ್ಟದೆ, ಅದು ಎಷ್ಟು ಹೊತ್ತು ಉಬ್ಬಿಕೊಂಡಿರುತ್ತದೆ ಎಂದು ಎಣಿಸುವುದು. ಬೇಗ ಕುಸಿದರೆ ಎಲ್ಲೋ ತೂತಿದೆ. ಮಡಿಕೆಯ ಮೂಲೆಯಲ್ಲಿ ಬಟ್ಟೆ ಸವೆದಿರಬಹುದು, ವರ್ಷವಿಡೀ ಸಮುದಾಯ ಭವನದ ಸ್ಟೋರ್ ರೂಮಿನಲ್ಲಿ ಬಿದ್ದ ಪೆಟ್ಟಿಗೆಯಾದರೆ ಇಲಿ ಚರ್ಮ ತಿಂದಿರಬಹುದು. ತೇಪೆ ಹಾಕಿ ಅಂಟು ಒಣಗಲು ಬಿಡಬೇಕು. ಇದನ್ನು ಮಾಡದೆ ಶ್ರುತಿಗೆ ಕೈ ಹಾಕಿದರೆ ಅಡಿಪಾಯವಿಲ್ಲದೆ ಪ್ಲಾಸ್ಟರಿಂಗ್ ಮಾಡಿದಂತೆ.

ಎರಡನೆಯದು ಮಾತಾಡದ, ಕಿರುಗುಟ್ಟುವ ನಾಲಿಗೆಗಳು. ನೂರಕ್ಕೆ ಎಂಬತ್ತು ಸಲ ಧೂಳು ಎನ್ನುತ್ತಾರೆ ಮೇಷ್ಟ್ರು. ಪೀಣ್ಯದ ಗಾಳಿಯಲ್ಲಿ ಸಾದಾ ಧೂಳಿನ ಜೊತೆ ಕಬ್ಬಿಣದ ಹುಡಿಯೂ ಇದ್ದೀತು. ನಾಲಿಗೆಯ ಕೆಳಗೆ ತೆಳ್ಳನೆ ಕಾಗದ ತೂರಿಸಿ ಮೆಲ್ಲಗೆ ಎಳೆದರೆ ಸಾಕು. ಯಾರೋ ಉತ್ಸಾಹಿ ಫ್ಯಾಕ್ಟರಿಯ ಕಂಪ್ರೆಸರ್ ಗಾಳಿ ಹೊಡೆದುಕೊಂಡು ಬರುತ್ತೇನೆ ಎಂದಾಗ ಮೇಷ್ಟ್ರು ಪೆಟ್ಟಿಗೆಗೆ ಅಡ್ಡ ನಿಂತದ್ದನ್ನು ನಾನೇ ನೋಡಿದ್ದೇನೆ. ಆ ಒತ್ತಡಕ್ಕೆ ನಾಲಿಗೆ ಬಾಗಿ ಕೂತರೆ ಮತ್ತೆ ಏಳಿಸುವುದು ಕಷ್ಟ. ನಾಲಿಗೆ ಒಂದು ಪಕ್ಕಕ್ಕೆ ವಾಲಿ ಕಿಂಡಿಯ ಅಂಚಿಗೆ ತಗಲುತ್ತಿದ್ದರೆ ಗರಗರ ಸದ್ದು. ಅದನ್ನು ಕೂದಲೆಳೆಯಷ್ಟು ನಡುವಿಗೆ ತಳ್ಳಬೇಕು.

ಇಷ್ಟಾದ ಮೇಲೆ ಟ್ಯೂನಿಂಗು. ನಿಯಮ ಒಂದೇ ಸಾಲಿನದು: ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ತುದಿಯ ಭಾರ ಕಡಿಮೆಯಾದರೆ ನಾಲಿಗೆ ಚುರುಕಾಗಿ ಆಡುತ್ತದೆ, ಬುಡದ ಬಿಗಿ ಕಡಿಮೆಯಾದರೆ ಸೋಮಾರಿಯಾಗುತ್ತದೆ. ನಾಲಿಗೆಯ ಕೆಳಗೆ ತೆಳು ತಗಡಿನ ಆಸರೆ ಕೊಟ್ಟು ಸಣ್ಣ ಅರದಿಂದ ಎರಡು ಗೀರು, ಆಮೇಲೆ ಕಾಯುವುದು. ಕೆರೆದಾಗ ಹಿತ್ತಾಳೆ ಬಿಸಿಯಾಗಿ ಸುಳ್ಳು ಸ್ವರ ಹೇಳುತ್ತದೆ, ತಣ್ಣಗಾದ ಮೇಲೆ ಹೇಳಿದ್ದೇ ನಿಜ. ಪೆಟ್ಟಿಗೆಯ ಹೊರಗೆ ಹಿಡಿದು ಊದಿದರೆ ಒಂದು ಸ್ವರ, ಒಳಗೆ ತನ್ನ ಗೂಡಿನಲ್ಲಿ ಕೂತಾಗ ಇನ್ನೊಂದು. ಹಾಗಾಗಿ ಹಾಕುವುದು, ಕೇಳುವುದು, ತೆಗೆಯುವುದು, ಕೆರೆಯುವುದು. ಒಂದೊಂದು ನಾಲಿಗೆಗೆ ನಾಲ್ಕಾರು ಸಲ ಹೀಗೆ ನಡೆಯುತ್ತದೆ. ಹೆಚ್ಚು ಕೆರೆದ ಹಿತ್ತಾಳೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂಬ ಹೆದರಿಕೆ ಯಾವಾಗಲೂ ಇರಬೇಕು.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಅಲೆಯಿಂದ. ಒಂದೇ ಕೀಲಿಗೆ ಬೇಸ್ ಮತ್ತು ಮೇಲ್ ಎರಡು ನಾಲಿಗೆ ಒಟ್ಟಿಗೆ ಹಾಡುತ್ತವೆ. ಬೇಸು ಸೆಕೆಂಡಿಗೆ 220 ಸಲ ಆಡುತ್ತಿದ್ದರೆ ಮೇಲು 440 ಸಲ ಆಡಬೇಕು. ಅದು 442 ಆಗಿದ್ದರೆ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿಯುತ್ತದೆ, ಕೊಳದ ನೀರು ದಡಕ್ಕೆ ಬಡಿದ ಹಾಗೆ. ಕೆರೆಯುತ್ತ ಹೋದಂತೆ ಅಲೆ ನಿಧಾನವಾಗುತ್ತದೆ, ಕೊನೆಗೆ ನೀರು ನಿಲ್ಲುತ್ತದೆ. ಈಗ ಮೊಬೈಲಿನಲ್ಲಿ ಟ್ಯೂನರ್ ಇದೆ, ಮುಳ್ಳು ನೋಡಿಕೊಂಡೇ ಮುಗಿಸಬಹುದು. ಮೇಷ್ಟ್ರೂ ಅದನ್ನು ಬಳಸುತ್ತಾರೆ, ಆದರೆ ಮೊದಲ ಸಾಲಿಗೆ ಮಾತ್ರ. ಎರಡನೇ ಸಾಲನ್ನು ಅಲೆಯಿಂದಲೇ ಕೂಡಿಸುತ್ತಾರೆ. ಒಂದು ಎಚ್ಚರ ಮಾತ್ರ ಯಂತ್ರ ಹೇಳಿಕೊಡುವುದಿಲ್ಲ: ಗಾಳಿ ಜೋರಾದಾಗ ಬೇಸಿನ ದೊಡ್ಡ ನಾಲಿಗೆಗಳು ಒಂದು ಚೂರು ಇಳಿಯುತ್ತವೆ. ಮೆತ್ತಗೆ ತುಳಿಯುತ್ತ ಕೂಡಿಸಿದ ಪೆಟ್ಟಿಗೆ, ದುರ್ಯೋಧನ ತೊಡೆ ತಟ್ಟಿ ಎದ್ದಾಗ ಮೇಷ್ಟ್ರ ಕಾಲೂ ಜೋರಾಗಿ, ಬಾಯಿ ಸೊಟ್ಟ ಮಾಡುತ್ತದೆ. ನಾಟಕದಲ್ಲಿ ತುಳಿಯುವ ಹಾಗೆಯೇ ತುಳಿಯುತ್ತ ಕೂಡಿಸಬೇಕು.

ನಮ್ಮ ಹನ್ನೊಂದನೇ ಮನೆಯ ದುರ್ಯೋಧನ ಟೂಲ್ ರೂಮಿನಲ್ಲಿ ಫಿಟ್ಟರು. ಹಾಡಿನಲ್ಲಿ ಇನ್ನೂ ಎಡವುತ್ತಾನೆ, ಅರ ಹಿಡಿದರೆ ಮಾತ್ರ ಕೈ ನಡುಗುವುದಿಲ್ಲ. ಇಂಚಿನ ಸಾವಿರದ ಒಂದು ಪಾಲಿಗೆ ಇವರು 'ಥೌ' ಎನ್ನುತ್ತಾರೆ. "ಎರಡು ಥೌ ತೆಗೀಲಾ ಮೇಷ್ಟ್ರೇ?" ಎಂದು ಕೇಳಿದಾಗ ಮೇಷ್ಟ್ರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರ ಅಳತೆ ಕಿವಿಯದು, ಇವನದು ಮೈಕ್ರೋಮೀಟರಿನದು. ಕೊನೆಗೆ "ನಾನು ಸಾಕು ಅನ್ನೋವರೆಗೂ ತೆಗಿ" ಎಂದರು. ಅಂದು ರಾತ್ರಿ ಇಬ್ಬರೂ ಸೇರಿ ಹನ್ನೆರಡು ನಾಲಿಗೆ ಸರಿ ಮಾಡಿದರು. ಪ್ರೆಸ್ ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದ ಧರ್ಮರಾಯನಿಗೆ ಅಲೆ ತೋರಿಸಲು ಹೋದರೆ ಕೇಳಿಸಲೇ ಇಲ್ಲ. ಯಂತ್ರಗಳ ಸದ್ದು ಮೊದಲು ತಿನ್ನುವುದು ಸೆಕೆಂಡಿಗೆ ಮೂರರಿಂದ ಆರು ಸಾವಿರ ಕಂಪನದ ಎತ್ತರದ ದನಿಗಳನ್ನು ಕೇಳುವ ಶಕ್ತಿಯನ್ನು. ಸ್ವರದ ಬುಡ ಕೇಳುತ್ತದೆ, ಸ್ವರದ ಮೇಲಿನ ಮಿನುಗು ಕೇಳುವುದಿಲ್ಲ. ಇಯರ್ ಪ್ಲಗ್ ಹಾಕಿಕೊಳ್ಳಿ ಎಂದು ಸೇಫ್ಟಿ ಆಫೀಸರ್ ಹೇಳಿದ್ದಕ್ಕಿಂತ ಈ ಒಂದು ರಾತ್ರಿ ಅವನಿಗೆ ಹೆಚ್ಚು ನಾಟಿತು ಎಂದು ನನಗನ್ನಿಸಿತು.

ಈಗ ಮೂವರು ಕೃಷ್ಣರ ಸಮಸ್ಯೆಗೆ ಬರೋಣ. ತಂಬೂರಿಯ ಮುಂದೆ ಕೂತ ಸಂಗೀತಗಾರ ಹಾಡುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ; ಒಂದು ಸ್ಥಾಯಿಯನ್ನು 1200 ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಹಾರ್ಮೋನಿಯಮ್ಮಿನ ಗಾಂಧಾರ 400ರಲ್ಲಿ ಕೂತಿರುತ್ತದೆ. ಹದಿನಾಲ್ಕು ಸೆಂಟ್ ಹೆಚ್ಚು. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಯಾರಿಗೂ ತಿಳಿಯದು. ಗಾಂಧಾರದ ಹದಿನಾಲ್ಕು, ಧೈವತದ ಹದಿನಾರು ಮಾತ್ರ ಮೋಹನ ರಾಗದಲ್ಲಿ ನಿಂತರೆ ಹಲ್ಲಿಗೆ ಸಿಕ್ಕ ಕಲ್ಲು. ಹಾಗಾದರೆ ಗಾಂಧಾರದ ನಾಲಿಗೆ ಕೆರೆದು ಸರಿ ಮಾಡಬಾರದೇ? ಮಾಡಬಹುದು, ಒಂದನೇ ಕೃಷ್ಣನಿಗೆ. ಅವನ ಗಾಂಧಾರವೇ ಎರಡನೇ ಕೃಷ್ಣನಿಗೆ ಬೇರೊಂದು ಸ್ವರ, ದ್ರೌಪದಿಗೆ ಮತ್ತೊಂದು. ಒಬ್ಬನಿಗೆ ಕೊಟ್ಟ ಸವಲತ್ತು ಉಳಿದವರಿಗೆ ಶಿಕ್ಷೆ. ಹನ್ನೆರಡು ಮನೆಗೂ ಸಮನಾಗಿ ಸ್ವಲ್ಪ ಸ್ವಲ್ಪ ತಪ್ಪು ಹಂಚಿದರೆ ಯಾರ ಮನೆಯೂ ಪೂರ್ತಿ ಹಾಳಾಗುವುದಿಲ್ಲ, ಯಾರದೂ ಪೂರ್ತಿ ಸರಿಯಿರುವುದಿಲ್ಲ.

ಈ ಪೇಚು ನಮ್ಮದು ಮಾತ್ರವಲ್ಲ. ಹದಿನಾರು, ಹದಿನೇಳನೇ ಶತಮಾನದ ಯುರೋಪಿನವರು ಗಾಂಧಾರಗಳನ್ನು ಇಂಪಾಗಿಸಿಕೊಂಡು, ಉಳಿದ ತಪ್ಪನ್ನೆಲ್ಲ ಗುಡಿಸಿ ಯಾರೂ ಹೋಗದ ಒಂದು ಮೂಲೆಯ ಪಂಚಮಕ್ಕೆ ತಳ್ಳುತ್ತಿದ್ದರು. ಆ ಪಂಚಮ ಒತ್ತಿದರೆ ಊಳಿಟ್ಟಂತೆ ಕೇಳುತ್ತಿದ್ದುದರಿಂದ ಅದಕ್ಕೆ ತೋಳ ಎಂದೇ ಹೆಸರು. ಇವತ್ತು ಹಳೆಯ ಒಪೆರಾ ಆಡಿಸುವಾಗ ಹಾರ್ಪ್ಸಿಕಾರ್ಡ್ ಎಂಬ ತಂತಿಯ ಕೀಲಿಮಣೆಗೆ ಶ್ರುತಿ ಮಾಡುವವನು ಮೊದಲು ಕೇಳುವುದು ಇದನ್ನೇ: ಇಂದಿನ ನಾಟಕದಲ್ಲಿ ತೋಳವನ್ನು ಎಲ್ಲಿ ಕಟ್ಟಿಹಾಕಲಿ? ಅಲ್ಲಿಯ ತಂತಿವಾದ್ಯಗಳು ದೀಪದ ಬಿಸಿಗೆ, ಜನರ ಉಸಿರಿಗೆ ಬೇಗ ಜಾರುವುದರಿಂದ ಅವನು ಇಂಟರ್ವಲ್ಲಿನಲ್ಲೂ ಶ್ರುತಿ ಮಾಡುವ ಕೀಲಿ ಹಿಡಿದು ಓಡಿ ಬರುತ್ತಾನೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆ ಹಳೆಯ ಸಂಗೀತಕ್ಕೆ ಈಗಿನ 440ರ ಬದಲು 415 ಕಂಪನವನ್ನು ಆಧಾರ ಸ್ವರವಾಗಿ ಇಟ್ಟುಕೊಳ್ಳುವ ರೂಢಿಯಿದೆ, ಅಂದರೆ ಸುಮಾರು ಅರ್ಧ ಮನೆ ಕೆಳಗೆ. ಎರಡಕ್ಕೂ ಬೇಕೆಂದು ಕೆಲವು ಹಾರ್ಪ್ಸಿಕಾರ್ಡುಗಳ ಇಡೀ ಕೀಲಿಮಣೆಯನ್ನು ಅರ್ಧ ಮನೆ ಪಕ್ಕಕ್ಕೆ ಸರಿಸುವ ಹಾಗೆ ಮಾಡಿರುತ್ತಾರೆ. ನಮ್ಮ ಸ್ಕೇಲ್ ಚೇಂಜರ್ ಹಾರ್ಮೋನಿಯಮ್ಮಿನ ಉಪಾಯವೂ ಅದೇ! 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಮೊದಲು ಆಡಿದ ಮೊಂಟೆವರ್ಡಿಯ 'ಲ ಒರ್ಫೆಯೋ'ದಲ್ಲಿ, ಸತ್ತವರ ನದಿ ದಾಟಿಸುವ ಅಂಬಿಗ ಕರೋಂತೆ ಹಾಡುವಾಗ ಹಿನ್ನೆಲೆಗೆ ರೀಗಲ್ ನುಡಿಸಬೇಕೆಂದು ಕೃತಿಯಲ್ಲೇ ಬರೆದಿದೆ. ರೀಗಲ್ ಅಂದರೆ ತಿದಿಯ ಗಾಳಿಯಿಂದ ಹಿತ್ತಾಳೆ ನಾಲಿಗೆ ನುಡಿಸುವ ಪೆಟ್ಟಿಗೆ. ಅದರ ನಾಲಿಗೆ ಅಂಚಿಗೆ ಬಡಿದು ಒರಟಾಗಿ ಮೊಳಗುತ್ತದೆ, ನಮ್ಮದು ಬಡಿಯದೆ ತೂಗುತ್ತದೆ, ವ್ಯತ್ಯಾಸ ಅಷ್ಟೇ. ವೈತರಣಿಯ ದಡಕ್ಕೆ ಕಾಲುಪೆಟ್ಟಿಗೆಯ ದೊಡ್ಡಪ್ಪನನ್ನು ತಂದು ಕೂರಿಸಿದ ಆ ಮನುಷ್ಯನಿಗೆ ನಾಟಕದ ಕಿವಿ ಇತ್ತು.

ನಮ್ಮವರೂ ಸುಮ್ಮನೆ ಕೂತಿರಲಿಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 1910ರ ಸುಮಾರಿಗೆ 22 ಶ್ರುತಿಗಳ ಲೆಕ್ಕ ಹಾಕಿ, ಅದಕ್ಕೆ ತಕ್ಕ ಹಾರ್ಮೋನಿಯಮ್ಮಿನ ಪ್ರಯತ್ನಕ್ಕೆ ದಾರಿ ಮಾಡಿಕೊಟ್ಟರು. ಅಂಥ ಪೆಟ್ಟಿಗೆಗಳು ಇವತ್ತೂ ಇವೆ, ಕಚೇರಿಯಲ್ಲಿ ಚೆಂದ. ನಡುರಾತ್ರಿಯಲ್ಲಿ ಮೂವರು ಕೃಷ್ಣರನ್ನು ಸಂಭಾಳಿಸುವವನ ಕೈಗೆ ಇನ್ನಷ್ಟು ಕೀಲಿ ಕೊಡುವುದು ಉಪಕಾರವಲ್ಲ. ಆಕಾಶವಾಣಿಯಂತೂ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಬಾಗಿಲ ಹೊರಗೇ ನಿಲ್ಲಿಸಿತು. ಗಮಕ ಬರುವುದಿಲ್ಲ, ಶ್ರುತಿ ಶುದ್ಧವಿಲ್ಲ ಎಂಬ ದೂರು ಸುಳ್ಳಲ್ಲ. ಆದರೆ ರೇಡಿಯೋದವರ ಮುಂದೆ ಮೈಕು ಇತ್ತು, ಡೇರೆಯಲ್ಲಿ ಇರಲಿಲ್ಲ. ಆ ಮೂವತ್ತು ವರ್ಷವೂ ಕಂಪನಿಗಳು ಪೆಟ್ಟಿಗೆಯಿಲ್ಲದೆ ಒಂದು ಸಂಜೆಯನ್ನೂ ಕಳೆಯಲಿಲ್ಲ.

ಹದಿನಾಲ್ಕು ಸೆಂಟಿನ ತಪ್ಪನ್ನು ಒಳ್ಳೆಯ ಮೇಷ್ಟ್ರು ಬೆರಳಿನಲ್ಲೇ ಮುಚ್ಚುತ್ತಾರೆ. ನಟ ಗಾಂಧಾರದಲ್ಲಿ ನಿಂತರೆ ಇವರು ನಿಲ್ಲುವುದಿಲ್ಲ, ಮುಟ್ಟಿ ಜಾರಿ ಪಂಚಮಕ್ಕೆ ಹೋಗಿ ಕೂರುತ್ತಾರೆ. ಪದ್ಯದ ಕೊನೆಯ ಉದ್ದನೆಯ ಆಲಾಪದಲ್ಲಿ ಬಲಗೈ ಎತ್ತಿಯೇ ಬಿಡುತ್ತಾರೆ, ಎಡಗೈಯ ಷಡ್ಜವೊಂದೇ ಉಳಿಯುತ್ತದೆ. ನಟನಿಗೆ ಚಪ್ಪಾಳೆ ಬೀಳುವುದು ಅಲ್ಲಿ. ಮೇಷ್ಟ್ರು ಆಗ ಏನೂ ನುಡಿಸುತ್ತಿರಲಿಲ್ಲ ಎಂಬುದನ್ನು ಯಾರೂ ಗಮನಿಸಿರುವುದಿಲ್ಲ.

ಈಗ ಹೆಚ್ಚಿನ ಕಡೆ ಪಕ್ಕದಲ್ಲಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡೂ ಇರುತ್ತದೆ. ಯಾವ ಕಂಪನಿಯದಾದರೂ ಊರಿನವರ ಬಾಯಲ್ಲಿ ಅದು ಕ್ಯಾಸಿಯೋ. ಅದರ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಒಂದೂವರೆ ಮನೆ ಐದೂವರೆ ಆಗುತ್ತದೆ, ಬೆರಳು ಕದಲಿಸಬೇಕಿಲ್ಲ. ಇದು ಸಣ್ಣ ಅನುಕೂಲವಲ್ಲ. ಕಾಲುಪೆಟ್ಟಿಗೆಯಲ್ಲಿ ಪ್ರತಿ ಮನೆಗೂ ಕಲ್ಯಾಣಿಯ ಬೆರಳುಸಂಚಾರ ಬೇರೆ, ಹನ್ನೆರಡನ್ನೂ ಕಲಿಯುವುದಕ್ಕೆ ಅರ್ಧ ಆಯಸ್ಸು ಬೇಕು. ಇನ್ನೊಂದು ಉಪಕಾರ ನಮ್ಮ ಊರಿನದೇ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು, ಅವರ ರಾಡೆಲ್ ಸಂಸ್ಥೆ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲೇ. ಅದರ ತಿರುಪು ತಿರುಗಿಸಿದರೆ ಶ್ರುತಿ ಕೀಲಿಯಿಂದ ಕೀಲಿಗೆ ಹಾರುವುದಿಲ್ಲ, ಜಾರುತ್ತ ಹೋಗುತ್ತದೆ. ಮೂರೂವರೆ ಮನೆ ಬೇಕೆಂದವನಿಗೆ ಅಲ್ಲಿ ಸಿಕ್ಕೀತು. ಇಷ್ಟೆಲ್ಲ ಇದ್ದೂ ಕಾಲುಪೆಟ್ಟಿಗೆ ಯಾಕೆ ಬೇಕು ಎಂದರೆ ನನ್ನ ಉತ್ತರ ಇಂಪಿನ ವಿಷಯವೇ ಅಲ್ಲ. ಹಾಡುವವನು ಉಸಿರು ಎಳೆದಾಗ ಪೆಟ್ಟಿಗೆಯೂ ಎಳೆಯುತ್ತದೆ. ಹವ್ಯಾಸಿ ನಟನಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬ ಸನ್ನೆ ಆ ತಿದಿಯ ಉಬ್ಬುವಿಕೆಯಲ್ಲಿ ಸಿಗುತ್ತದೆ. ಗುಂಡಿ ಒತ್ತಿದರೆ ಬರುವ ಸ್ವರಕ್ಕೆ ದಮ್ಮು ಹತ್ತುವುದಿಲ್ಲ.

ಆಟದ ರಾತ್ರಿ. ಎರಡನೇ ಬೆಲ್ ಆಯಿತು. ತಬಲದವರು ಪೆಟ್ಟಿಗೆಯ ಷಡ್ಜಕ್ಕೆ ಕಿವಿಯಿಟ್ಟು ಸುತ್ತಿಗೆಯಲ್ಲಿ ಟಕಟಕ ಮಾಡುತ್ತಿದ್ದಾರೆ. ಈ ಕೆಲಸ ಅವರಿಗೆ ಬೆಳಗಿನ ತನಕ ಇದೆ, ಯಾಕೆಂದರೆ ಹನ್ನೆರಡಾದ ಮೇಲೆ ಇಬ್ಬನಿ ಇಳಿಯುತ್ತದೆ, ಚರ್ಮ ಮೆತ್ತಗಾಗುತ್ತದೆ, ತಬಲ ಇಳಿಯುತ್ತದೆ. ಕೊಳಲೋ ಕ್ಲಾರಿಯೊನೆಟ್ಟೋ ಇದ್ದರೆ ಅದೂ ಇಳಿಯುತ್ತದೆ. ಒಳಗಿನ ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಲೆಕ್ಕದ ಪ್ರಕಾರ 30 ಸೆಂಟ್. ಹಿತ್ತಾಳೆ ನಾಲಿಗೆ ಅಷ್ಟೇ ಚಳಿಗೆ ಎರಡು ಮೂರು ಸೆಂಟ್, ಅದೂ ಮೇಲಕ್ಕೆ, ಹೋದರೆ ಹೆಚ್ಚು. ಗಂಟಲುಗಳ ಮಾತು ಹೇಳುವುದೇ ಬೇಡ. ಆ ಹೊತ್ತಿನಲ್ಲಿ ರಂಗದ ಮೇಲೆ ಕದಲದೆ ಇರುವುದು ಆ ಹಿತ್ತಾಳೆಯೊಂದೇ. ಮರ ಮಾತ್ರ ತೇವಕ್ಕೆ ಊದಿ ಒಂದೆರಡು ಕೀಲಿ ಒತ್ತಿದಲ್ಲೇ ಕೂರುತ್ತವೆ, ಅದಕ್ಕೆ ಮೇಷ್ಟ್ರು ಪೆಟ್ಟಿಗೆಯ ಮೇಲೊಂದು ಶಾಲು ಹೊದಿಸಿ ತಂದಿದ್ದಾರೆ. ಚಳಿಗೆ ಹೊದ್ದುಕೊಳ್ಳಲು ತಂದ ಶಾಲು ಎಂದು ನಾನು ತಿಳಿದಿದ್ದೆ.

ಎರಡನೇ ಕೃಷ್ಣ ಸಂಧಾನಕ್ಕೆ ಬಂದಾಗ ಎರಡು ಗಂಟೆ. ಬೀಡಿ ಹೊಗೆಗೋ ಮಂಜಿಗೋ ಅವನ ದನಿ ಆಗಲೇ ಕಟ್ಟಿತ್ತು. ವಚನ ಮುಗಿಸಿ ಪದ್ಯಕ್ಕೆ ಬಾಯಿ ತೆರೆಯುವ ಮೊದಲು ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ, ಅಷ್ಟೇ. ಮೇಷ್ಟ್ರ ಎಡಗೈ ಆಗಲೇ ಎರಡೂವರೆಯಿಂದ ಎರಡಕ್ಕೆ ಇಳಿದಿತ್ತು. ತಬಲದವರು ಹಲ್ಲು ಕಚ್ಚಿ ಸುತ್ತಿಗೆ ಎತ್ತಿಕೊಂಡರು.

ಗದಾಯುದ್ಧದ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳೆಲ್ಲ ಮಲಗಿದ್ದವು. ದುರ್ಯೋಧನ ತನ್ನ ಮನೆ ಬಿಟ್ಟು ಒಂದು ಸಲವೂ ಹೊರಗೆ ಹೋಗಲಿಲ್ಲ, ಎರಡು ಕಡೆ ಒನ್ಸ್ ಮೋರ್ ಬಿತ್ತು, ಹೂವಿನ ಹಾರಕ್ಕೆ ಪಿನ್ ಮಾಡಿದ ನೋಟು ಮುಖಕ್ಕೆ ಚುಚ್ಚುತ್ತಿತ್ತು. ಐದು ಕಾಲಿಗೆ ಮಂಗಳ. ಭೀಮನಿಗೆ ಆರಕ್ಕೆ ಫಸ್ಟ್ ಶಿಫ್ಟು, ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿಕೊಳ್ಳುತ್ತಲೇ ಬೈಕ್ ಹತ್ತಿದ. ಮೇಷ್ಟ್ರು ಪೆಟ್ಟಿಗೆಯ ಮೇಲಿನ ಹಲಗೆ ತೆಗೆದು, ಟಾರ್ಚು ಹಿಡಿಸಿ, ಬೇಸಿನ ಸಾಲಿನಲ್ಲಿ ಒಂದು ರೀಡಿನ ಪಕ್ಕ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ನಡುರಾತ್ರಿಯಿಂದ ಅದು ಇಳಿಯುತ್ತ ಬಂದಿತ್ತಂತೆ, ಆಮೇಲೆ ಆ ಕೀಲಿಯನ್ನು ಅವರು ಮುಟ್ಟೇ ಇರಲಿಲ್ಲ.

"ನಾಳೆ ಸಣ್ಣ ಅರ ತರ್ತೀನಿ ಮೇಷ್ಟ್ರೇ, ತುದೀಲಿ ಒಂದು ಥೌ ತೆಗೆದರೆ ಏರುತ್ತೆ" ಎಂದ ದುರ್ಯೋಧನ, ಕಿರೀಟ ಕಂಕುಳಲ್ಲಿ.

"ಅರಕ್ಕೆ ಆಗಲ್ಲಪ್ಪ. ತಾನಾಗಿ ಇಳೀತಾ ಇದೆ ಅಂದ್ರೆ ಬುಡದಲ್ಲಿ ಸೀಳು ಬಿಟ್ಟಿದೆ. ಬಳೇಪೇಟೆಗೆ ಹೋಗಿ ಹೊಸಾದು ತರಬೇಕು. ನಿನಗೆ ಯಾವತ್ತು ವೀಕ್ಲಿ ಆಫು?"